ಊದೋರ ಕಟ್ಟೆ: ಚಿಕ್ಕ ಸ್ಯಾಕ್ಸ್, ದೊಡ್ಡ ತಲೆನೋವು

ಹೋದ ತಿಂಗಳು ಇದೇ ಕಟ್ಟೇಲಿ ಕೂತು ಆಲ್ಟೋ ಅನ್ನೋ ಮಧ್ಯಮ ಗಾತ್ರದ ಸ್ಯಾಕ್ಸೋಫೋನಿಗೆ ರೀಡ್, ಅಂದ್ರೆ ಊದಿದ್ರೆ ಅದುರೋ ತೆಳು ಜೊಂಡಿನ ಪಟ್ಟಿ, ಆರಿಸೋದು ಹೆಂಗೆ ಅಂತ ಬರೆದಿದ್ದೆ, ಕೊನೇಲಿ ಸುಮ್ನೆ ಇರ್ಲಾರದೆ "ಆಲ್ಟೋಗಿಂತ ಚಿಕ್ಕ ಸ್ಯಾಕ್ಸ್‌ಗಳೂ ಇದಾವೆ, ಅವುಗಳ ಕಥೆ ಇನ್ನೊಂದ್ಸಲ" ಅಂತ ಒಂದು ಸಾಲು ಸೇರಿಸಿದ್ದೇ ಬಂತು ನೋಡಿ, ಈ ಸಲ ಬಂದಿರೋ ಪ್ರಶ್ನೆ ಎಲ್ಲಾ ಅದರ ಮೇಲೇ. ಸರಿ, ಶಿವಮೊಗ್ಗದಲ್ಲಿ ಮಳೆ ಬೇರೆ ಹಿಡ್ಕೊಂಡಿದೆ, ರಿಪೇರಿಗೆ ಬರೋರೂ ಕಮ್ಮಿ, ಕೂತು ಉತ್ತರ ಬರೀತಿದೀನಿ.

ಸಾರ್ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಊರ ತೇರಿನಲ್ಲಿ ಸ್ಯಾಕ್ಸೋಫೋನ್ ಕೇಳಿದಾಗಿಂದ ಅದೇ ಬೇಕು ಅಂತ ಹಟ. ಆನ್‌ಲೈನ್‌ನಲ್ಲಿ ಹುಡುಕಿ, ದೊಡ್ಡ ಸ್ಯಾಕ್ಸ್ ಥರಾನೇ ಬಗ್ಗಿರೋ ಪುಟ್ಟದೊಂದು ತರಿಸಿದೆ, ಮಕ್ಕಳಿಗೇ ಮಾಡಿದ್ದು ಅಂದ್ಕೊಂಡು. ಅವಳು ಊದಿದ್ರೆ ಕೀ ಅಂತ ಕಿರುಚ್ತದೆ, ಇಲ್ಲಾಂದ್ರೆ ಸ್ವರ ಜಾರ್ತದೆ. ವಾದ್ಯವೇ ಹಾಳಾಗಿದ್ಯಾ? ವಾಪಸ್ ಕಳಿಸ್ಲಾ? (ಒಬ್ಬ ತಂದೆ, ಸಾಗರ)

ವಾದ್ಯ ಹಾಳಾಗಿಲ್ಲ ಮಾರಾಯ್ರೇ. ನೀವು ಕಳಿಸಿರೋ ಫೋಟೋ ನೋಡಿದೆ, ಅದು ಕರ್ವ್ಡ್ ಸೊಪ್ರಾನೋ. ಸೊಪ್ರಾನೋ ಅಂದ್ರೆ ಸಾಮಾನ್ಯವಾಗಿ ಕೊಳವೆ ಥರ ನೆಟ್ಟಗಿರೋದೇ ಎಲ್ರಿಗೂ ಗೊತ್ತಿರೋದು, ಕೆನ್ನಿ ಜಿ ಹಿಡ್ಕೊಂಡಿರ್ತಾರಲ್ಲ ಅದು, ಆದ್ರೆ ಅದೇ ಕೊಳವೆನ ಬಗ್ಗಿಸಿ ಆಲ್ಟೋ ಆಕಾರಕ್ಕೆ ತಂದು ಮಾರ್ತಾರೆ, ನೋಡಿದೋರಿಗೆ ಆಲ್ಟೋದ ಮರಿ ಅನ್ನಿಸ್ತದೆ. ನಿಮ್ಮೊಬ್ರದ್ದೇ ತಪ್ಪಲ್ಲ, ನನ್ನ ಅಂಗಡಿಗೇ ವರ್ಷಕ್ಕೆ ಇಬ್ರೋ ಮೂವರೋ ಹಿಂಗೇ ಬರ್ತಾರೆ. ಪಿಟೀಲಲ್ಲಿ ಅರ್ಧ ಸೈಜು, ಮುಕ್ಕಾಲು ಸೈಜು ಅಂತ ಮಕ್ಕಳಿಗೇ ಮಾಡಿರ್ತಾರಲ್ಲ, ಸ್ಯಾಕ್ಸಲ್ಲೂ ಹಂಗೇ ಇರಬಹುದು ಅನ್ನೋ ಲೆಕ್ಕ. ಇಲ್ಲ. ಸ್ಯಾಕ್ಸ್ ಕುಟುಂಬದಲ್ಲಿ ಚಿಕ್ಕದು ಅಂದ್ರೆ ಬೇರೆ ದನಿಯ ಬೇರೆ ವಾದ್ಯ, ಮತ್ತೆ ಚಿಕ್ಕದಾದಷ್ಟೂ ಕಷ್ಟ.

ಯಾಕೆ ಕಷ್ಟ ಅಂತ ಹೇಳ್ತೀನಿ. ಆಲ್ಟೋದಲ್ಲಿ ಮೌತ್‌ಪೀಸನ್ನ, ಅಂದ್ರೆ ಬಾಯಲ್ಲಿಟ್ಟು ಊದೋ ತುಂಡನ್ನ, ಅದು ಕೂರೋ ಕಾರ್ಕ್ ಮೇಲೆ ಒಂದು ಮಿಲಿಮೀಟರ್ ಹಿಂದೆ ಮುಂದೆ ಸರಿಸಿದ್ರೆ ಶ್ರುತಿ ಒಂಚೂರು ಹಂದಾಡ್ತದೆ. ಅದಕ್ಕಿಂತ ಒಂದು ಸ್ಥಾಯಿ ಮೇಲಿರೋ ಸೊಪ್ರಾನಿನೋದಲ್ಲಿ ಕೊಳವೆಯ ಉದ್ದವೇ ಅರ್ಧ, ಹಂಗಾಗಿ ಅದೇ ಒಂದು ಮಿಲಿಮೀಟರ್‌ಗೆ ಹೆಚ್ಚುಕಮ್ಮಿ ದುಪ್ಪಟ್ಟು ಹಂದಾಡ್ತದೆ. ಸೊಪ್ರಾನೋ ಇವೆರಡರ ನಡುವಿಂದು. ತುಟಿ ಬಿಗಿ ಮಾಡಿದ್ರೂ ಸಡಿಲ ಬಿಟ್ರೂ ಇದೇ ಕಥೆ. ದೊಡ್ಡ ವಾದ್ಯ ನಮ್ಮ ತಪ್ಪನ್ನ ಹೊಟ್ಟೇಲಿ ಹಾಕ್ಕೊಳ್ತದೆ, ಚಿಕ್ಕದು ಮೈಕ್ ಹಿಡಿದು ಸಾರ್ತದೆ, ಅಷ್ಟೇ ವ್ಯತ್ಯಾಸ.

ಒಂದು ಪರೀಕ್ಷೆ ಮಾಡಿ. ಮೌತ್‌ಪೀಸ್ ಬಿಚ್ಚಿ, ರೀಡ್ ಕಟ್ಟಿ, ಅದೊಂದನ್ನೇ ಮಗಳ ಕೈಗೆ ಕೊಟ್ಟು ಜೋರಾಗಿ ಒಂದೇ ಉಸಿರಲ್ಲಿ ಊದು ಪುಟ್ಟೀ ಅನ್ನಿ. ಕಲಿಸೋ ಮೇಷ್ಟ್ರುಗಳ ಲೆಕ್ಕದಲ್ಲಿ ಸೊಪ್ರಾನೋ ಮೌತ್‌ಪೀಸ್‌ಗೆ ಸಿ ಬರಬೇಕು, ಅಂದ್ರೆ ಹಾರ್ಮೋನಿಯಂನ ಬಿಳಿ ಒಂದು, ಮೇಲಿನ ಸ್ಥಾಯೀದು. ಆಲ್ಟೋಗಾದ್ರೆ ಎ, ಬಿಳಿ ಆರು. ಫೋನಲ್ಲಿ ಟ್ಯೂನರ್ ಆ್ಯಪ್ ಇಟ್ಕೊಂಡು ನೋಡಿ, ಸಿ ದಾಟಿ ಮೇಲೆ ಹೋಗ್ತಿದ್ರೆ ಕೂಸು ಹಲ್ಲು ಕಚ್ಚಿ ರೀಡನ್ನ ಹಿಂಡ್ತಿದೆ ಅಂತ ಅರ್ಥ, ನಿಮ್ಮ ಕಿರುಚಾಟದ ಮೂಲ ಅಲ್ಲಿದೆ. ತೆಳು ರೀಡ್ ಹಾಕಿ, ಒಂದೂವರೆ ನಂಬರಿಂದು ಸಾಕು.

ವಾಪಸ್ ಕಳಿಸಬೇಕಾ ಅಂದ್ರೆ, ಹತ್ತಿರದಲ್ಲಿ ಶ್ರುತಿ ಕಿವಿ ಇರೋ ಮೇಷ್ಟ್ರು ವಾರಕ್ಕೆ ಎರಡು ಸಲ ಸಿಗ್ತಾರೆ ಅಂದ್ರೆ ಬೇಡ, ಇಟ್ಕೊಳ್ಳಿ. ಪುಟ್ಟ ಬೆರಳಿಗೆ ಕೀಲಿಗಳು ಎಟುಕ್ತವೆ, ತೂಕಾನೂ ಕಮ್ಮಿ, ಅದೊಂದು ಲಾಭ ನಾನು ಇಲ್ಲ ಅನ್ನಲ್ಲ. ಮೇಷ್ಟ್ರಿಲ್ಲ, ಯೂಟ್ಯೂಬೇ ಗತಿ ಅಂದ್ರೆ ವಾಪಸ್ ಕಳಿಸಿ, ಎರಡು ಮೂರು ವರ್ಷ ಕಾಯಿರಿ, ಬಲಗೈ ಕಿರುಬೆರಳು ಆಲ್ಟೋದ ಕೆಳಗಿನ ಕೀಲಿಗೆ ಎಟುಕಿದ ದಿನ ಆಲ್ಟೋ ಕೊಡಿಸಿ. ಅಲ್ಲೀವರೆಗೂ ಸುಮ್ಮನಿರಲ್ಲ ಅವಳು ಅಂದ್ರೆ ಯಮಹಾದವರ ವೆನೋವಾ ಅಂತ ಒಂದಿದೆ, 2017ರಲ್ಲಿ ಬಂದಿದ್ದು, ಪ್ಲಾಸ್ಟಿಕ್ಕಿಂದು, ಸೊಪ್ರಾನೋ ಸ್ಯಾಕ್ಸಿನದೇ ಮೌತ್‌ಪೀಸ್ ಕೂರ್ತದೆ, ಬೆರಳು ಮಾತ್ರ ಶಾಲೆ ಮಕ್ಕಳ ರೆಕಾರ್ಡರ್ ಥರ. ತೊಳೆದು ಒಣಗಿಸಿ ಇಡಬಹುದು, ಬಿದ್ರೆ ಎದೆ ಧಸಕ್ ಅನ್ನಲ್ಲ.

ಅಣ್ಣಾ, ನಾವು ಮದುವೆ, ದೇವಸ್ಥಾನದ ಉತ್ಸವಕ್ಕೆ ಹೋಗೋ ವಾಲಗದ ಸೆಟ್‌ನೋರು. ನಾನು ಆಲ್ಟೋ ಊದ್ತೀನಿ. ಮೆರವಣಿಗೇಲಿ ಡೋಲಿನ ಸದ್ದಿಗೆ ನನ್ನ ವಾದ್ಯ ಕೇಳೋದೇ ಇಲ್ಲ. ಸೊಪ್ರಾನಿನೋ ತಗೊಂಡ್ರೆ ದೂರ ಕೇಳ್ತದಂತೆ ಹೌದಾ? ಬೆರಳು ಹೊಸದಾಗಿ ಕಲೀಬೇಕಾ? (ತೀರ್ಥಹಳ್ಳಿ ಕಡೆಯವರು)

ಹೌದು ತಮ್ಮಾ, ಕೇಳ್ತದೆ. ಬೆರಳು ಒಂದೂ ಬದಲಾಗಲ್ಲ, ಇಡೀ ಸ್ಯಾಕ್ಸ್ ಕುಟುಂಬಕ್ಕೇ ಒಂದೇ ಬೆರಳು, ಅಡಾಲ್ಫ್ ಸ್ಯಾಕ್ಸ್ ಅನ್ನೋ ಪುಣ್ಯಾತ್ಮ 1846ರಲ್ಲಿ ಪ್ಯಾರಿಸ್ಸಲ್ಲಿ ಪೇಟೆಂಟ್ ಮಾಡಿಸಿದಾಗಲೇ ಅದನ್ನ ಒಂದು ವಾದ್ಯ ಅಂತ ಮಾಡಿಸಲಿಲ್ಲ, ದೊಡ್ಡದರಿಂದ ಚಿಕ್ಕದರವರೆಗೆ ಕುಟುಂಬ ಸಮೇತ ಮಾಡಿಸಿದ. ನಿನಗೆ ಇನ್ನೊಂದು ಅನುಕೂಲ ಏನಂದ್ರೆ ಆಲ್ಟೋನೂ ಇ ಫ್ಲ್ಯಾಟ್, ಸೊಪ್ರಾನಿನೋನೂ ಇ ಫ್ಲ್ಯಾಟ್. ನಮ್ಮ ಭಾಷೇಲಿ ಎರಡೂ ಕಪ್ಪು ಎರಡು. ಆಲ್ಟೋದಲ್ಲಿ ಯಾವ ಬೆರಳಿಗೆ ಷಡ್ಜ ಇಟ್ಕೊಂಡಿದೀಯೋ ಇಲ್ಲೂ ಅಲ್ಲೇ ಇಡು, ಶ್ರುತಿಪೆಟ್ಟಿಗೆ ಮುಟ್ಟೋದೇ ಬೇಡ, ದನಿ ಮಾತ್ರ ಒಂದು ಸ್ಥಾಯಿ ಮೇಲೆ ಹೋಗ್ತದೆ. ಸೊಪ್ರಾನೋ ತಗೊಂಡ್ರೆ ಹಂಗಲ್ಲ, ಅದು ಬಿ ಫ್ಲ್ಯಾಟ್, ಕಪ್ಪು ಐದು, ಅಲ್ಲಿ ಎಲ್ಲಾ ಲೆಕ್ಕ ತಿರುಗಿ ಹಾಕ್ಬೇಕು.

ಆದ್ರೆ ಕಳ್ಕೊಳ್ಳೋದು ಏನು ಅಂತಾನೂ ಕೇಳು. ಸೊಪ್ರಾನಿನೋದ ಅತಿ ಕೆಳಗಿನ ಸ್ವರವೇ ಹಾರ್ಮೋನಿಯಂನ ಮಧ್ಯ ಸಪ್ತಕದ ಕಪ್ಪು ಒಂದು. ಅಲ್ಲಿಂದ ಕೆಳಗೆ ಏನೂ ಇಲ್ಲ, ಬರೀ ಗಾಳಿ. ಕಲ್ಯಾಣಿ, ಮೋಹನ ಮೇಲೆ ಮೇಲೆ ಹಾರ್ಸೋದಕ್ಕೆ ಚಂದ, ತೋಡೀನ ಮಂದ್ರಕ್ಕೆ ಇಳಿಸ್ತೀನಿ ಅಂದ್ರೆ ಜಾಗವೇ ಇಲ್ಲ. ನಾಗಸ್ವರದಲ್ಲೂ ಇದೇ ಆಗಿದ್ದಲ್ವಾ, ಹಿಂದೆ ತಿಮಿರಿ ಅಂತ ಗಿಡ್ಡ ನಾಗಸ್ವರ ಇತ್ತು, ಎತ್ತರದ ಶ್ರುತಿ, ಬೀದಿಯಿಂದ ಬೀದಿಗೆ ಕೇಳ್ತಿತ್ತು, ಆಮೇಲೆ ರಾಜರತ್ನಂ ಪಿಳ್ಳೈ ಅವರು ಉದ್ದದ ಬಾರಿ ನಾಗಸ್ವರ ತಂದ್ರು, ಕಛೇರೀಲಿ ತಗ್ಗಿನ ದನಿಯೇ ರುಚಿ ಅಂತ ಎಲ್ರಿಗೂ ಗೊತ್ತಾಯ್ತು. ನಮ್ಮ ಕದ್ರಿ ಗೋಪಾಲನಾಥ್ ಅವರೂ ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸ್ ಕೇಳಿ ಮನಸೋತು, ಆರಿಸ್ಕೊಂಡಿದ್ದು ಆಲ್ಟೋನೇ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೆ ಹೋಗಿದ್ದು ಆ ಆಲ್ಟೋ ಹಿಡ್ಕೊಂಡೇ.

ನನ್ನ ಅನುಭವ ಹೇಳ್ಲಾ? ಒಂದ್ಸಲ ಸ್ನೇಹಿತನ ಸೊಪ್ರಾನಿನೋ ಕಡ ತಗೊಂಡು ಧಾರೆ ಮನೆಗೆ ಹೋಗಿದ್ದೆ, ಧೈರ್ಯ ನೋಡಿ, ಒಂದು ದಿನಾನೂ ಮನೇಲಿ ಊದಿ ನೋಡಿರ್ಲಿಲ್ಲ. ದಿಬ್ಬಣ ಬಂತು, ಊದಿದೆ. ಶ್ರುತಿಪೆಟ್ಟಿಗೆ ಒಂದು ಕಡೆ, ನಾನು ಒಂದು ಕಡೆ. ತುಟಿ ಬಿಗಿ ಮಾಡಿದ್ರೆ ಮೇಲೆ ಹಾರ್ತದೆ, ಬಿಟ್ರೆ ಪಾತಾಳ. ಡೋಲಿನ ಯಜಮಾನ್ರು ಬಾರಿಸ್ತಾ ಬಾರಿಸ್ತಾನೇ ನನ್ನ ಕಿವಿ ಹತ್ರ ಬಂದು "ಮಾಣೀ, ಅದಕ್ಕೆ ಹೊಟ್ಟೆಗೇನಾದ್ರೂ ಹಾಕಿದ್ಯಾ, ಹಂಗ್ಯಾಕೆ ಅಳ್ತದೆ" ಅಂದ್ರು. ಮುಹೂರ್ತದ ಹೊತ್ತಿಗೆ ಮೆಲ್ಲಗೆ ಪೆಟ್ಟಿಗೆ ಒಳಗಿಟ್ಟು ನನ್ನ ಹಳೇ ಆಲ್ಟೋನೇ ತೆಗ್ದೆ. ತಗೊಳ್ಳೋದಾದ್ರೆ ಮೂರು ತಿಂಗಳು ದಿನಾ ತಂಬೂರಿ ಆ್ಯಪ್ ಹಾಕ್ಕೊಂಡು ಒಂದೊಂದೇ ಸ್ವರ ನಿಲ್ಲಿಸಿ ಊದು, ಆಮೇಲೆ ಮೆರವಣಿಗೆಗೆ ತಗೊಂಡು ಹೋಗು. ರೀಡ್ ಸಿಗಲ್ಲ ಅಂತ ಹೆದರ್ಬೇಡ, ಇ ಫ್ಲ್ಯಾಟ್ ಕ್ಲಾರಿನೆಟ್ಟಿನ ರೀಡನ್ನೇ ಬಹಳ ಜನ ಇದಕ್ಕೆ ಕಟ್ತಾರೆ.

ಫ್ರೆಂಚ್ ಸಂಗೀತಕಾರ ರಾವೆಲ್ ಅವರ ಬೊಲೆರೋ ಅನ್ನೋ ಆರ್ಕೆಸ್ಟ್ರಾ ಕೃತಿಯಲ್ಲಿ ಸೊಪ್ರಾನಿನೋ ಇದೆ ಅಂತ ಓದಿದೆ, ಆದ್ರೆ ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲೂ ಕಾಣಿಸಲಿಲ್ಲ. ಯಾಕೆ? (ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಒಳ್ಳೇ ಕಣ್ಣಮ್ಮಾ ನಿಂದು. ರಾವೆಲ್ 1928ರಲ್ಲಿ ಬರೆದಾಗ ಮೂರು ಸ್ಯಾಕ್ಸ್ ಹೇಳಿದ್ರು, ಅದರಲ್ಲೊಂದು ಎಫ್ ಶ್ರುತಿಯ ಸೊಪ್ರಾನಿನೋ. ಗಮನಿಸು, ಇ ಫ್ಲ್ಯಾಟ್ ಅಲ್ಲ, ಎಫ್. ಇದರ ಹಿಂದೆ ಒಂದು ಕಥೆ ಇದೆ. ಸ್ಯಾಕ್ಸ್ ಸಾಹೇಬ್ರು ಎರಡು ಸಾಲು ಯೋಚಿಸಿದ್ರು, ಮಿಲಿಟರಿ ಬ್ಯಾಂಡಿಗೆ ಇ ಫ್ಲ್ಯಾಟ್ ಬಿ ಫ್ಲ್ಯಾಟ್ ಸಾಲು, ಆರ್ಕೆಸ್ಟ್ರಾಗೆ ಎಫ್ ಮತ್ತು ಸಿ ಸಾಲು. ಬ್ಯಾಂಡಿನ ಸಾಲು ಗೆದ್ದು ಲೋಕ ಎಲ್ಲಾ ಹರಡ್ತು, ಆರ್ಕೆಸ್ಟ್ರಾದ ಸಾಲು ಸೊರಗಿ ಹೋಯ್ತು. ಹಂಗಾಗಿ ಇವತ್ತು ಆ ಭಾಗವನ್ನ ಬಿ ಫ್ಲ್ಯಾಟ್ ಸೊಪ್ರಾನೋದಲ್ಲೇ ಊದಿ ಮುಗಿಸ್ತಾರೆ. ನೀನು ನೋಡಿದ ನೆಟ್ಟಗಿನ ಚಿನ್ನದ ಕೊಳವೆ ಅದೇ.

ಆ ಸೊರಗಿದ ಸಾಲಿಗೆ ಮತ್ತೆ ಜೀವ ತುಂಬೋಕೆ ಅಮೆರಿಕದ ಕಾನ್ ಕಂಪನಿಯವರು 1928-29ರಲ್ಲಿ ಎಫ್ ಶ್ರುತೀಲಿ ಮೆಝೋ ಸೊಪ್ರಾನೋ ಅಂತ ಒಂದು ಮಾಡಿದ್ರು, ಆಲ್ಟೋಗಿಂತ ಒಂದು ಸ್ವರ ಮೇಲೆ. ಜೊತೆಗೇ ಕಾನ್-ಓ-ಸ್ಯಾಕ್ಸ್ ಅಂತ ಇನ್ನೊಂದು, ನೆಟ್ಟಗಿನ ಕೊಳವೆ, ತುದೀಲಿ ಬಾಯಿ ಅಗಲ ಇರೋ ಬದ್ಲು ಉಂಡೆ ಥರ ಗುಂಡಗೆ. ಸಾಮಾನು ಚೆನ್ನಾಗೇ ಇತ್ತು, ಕಾಲ ಚೆನ್ನಾಗಿರ್ಲಿಲ್ಲ, 29ರ ಕೊನೇಲಿ ಅಮೆರಿಕದ ಪೇಟೆ ಕುಸೀತು. ಈಗ ಅವು ಸಂಗ್ರಹ ಮಾಡೋರ ಕಪಾಟಲ್ಲಿದಾವೆ.

ಜಗತ್ತಿನಲ್ಲೇ ಅತಿ ಚಿಕ್ಕ ಸ್ಯಾಕ್ಸ್ ಯಾವುದು? (ಭದ್ರಾವತಿ)

ಸೊಪ್ರಿಲ್ಲೋ. ಜರ್ಮನಿಯ ಮ್ಯೂನಿಕ್‌ನ ಬೆನೆಡಿಕ್ಟ್ ಎಪ್ಪೆಲ್ಸ್‌ಹೈಮ್ ಮಾಡಿದ್ದು. ಸೊಪ್ರಾನೋಗಿಂತ ಒಂದು ಸ್ಥಾಯಿ ಮೇಲೆ, ಮೌತ್‌ಪೀಸ್ ಸೇರಿ 33 ಸೆಂಟಿಮೀಟರ್, ಶಾಲೆ ಮಕ್ಕಳ ಒಂದಡಿ ಸ್ಕೇಲಿಗಿಂತ ಬೆರಳಗಲ ಜಾಸ್ತಿ ಅಷ್ಟೇ. ಎಷ್ಟು ಚಿಕ್ಕದು ಅಂದ್ರೆ, ಸ್ವರವನ್ನ ಒಂದು ಸ್ಥಾಯಿ ಮೇಲೆತ್ತೋ ಆಕ್ಟೇವ್ ಕೀಲಿ ಅಂತ ಇರ್ತದಲ್ಲ, ಅದರಲ್ಲಿ ಮೇಲಿನದರ ತೂತು ಕೊರೆಯೋಕೆ ಕೊಳವೇಲಿ ಜಾಗ ಸಿಗದೆ ಮೌತ್‌ಪೀಸಲ್ಲೇ ಕೊರೆದಿದಾರೆ. ಬೆಲೆ ಕೇಳ್ಬೇಡಿ, ಚಿಕ್ಕದು ಅಂತ ಅಗ್ಗ ಏನಿಲ್ಲ. ಕೇಳೋಕೆ ಹೆಂಗಿರ್ತದೆ ಅಂದ್ರೆ, ನನ್ನ ಹೆಂಡತಿ ಫೋನಲ್ಲಿ ಒಂದೇ ನಿಮಿಷ ಕೇಳಿ ಕುಕ್ಕರ್ ಆಫ್ ಮಾಡೋಕೆ ಎದ್ದು ಹೋದ್ಲು.

ನಮ್ಮ ಎಸ್ಟೇಟ್ ಮನೆ ಅಟ್ಟದಲ್ಲಿ ಅಜ್ಜನ ಕಾಲದ ಸ್ಯಾಕ್ಸೋಫೋನ್ ಸಿಕ್ಕಿದೆ. ಆಲ್ಟೋಗಿಂತ ದೊಡ್ಡದು, ಟೆನರ್‌ಗಿಂತ ಚಿಕ್ಕದು. ನಂಬರ್ ಕೆಳಗೆ ಇಂಗ್ಲಿಷಿನ ಸಿ ಅಕ್ಷರ ಕೊರೆದಿದೆ. ಏನಿದು? (ಕೊಪ್ಪ)

ಈ ಪ್ರಶ್ನೆ ಓದಿ ನಾನು ಕುರ್ಚಿಯಿಂದ ಎದ್ದೆ ಸ್ವಾಮಿ. ನೀವು ಹೇಳೋ ಅಳತೆ, ಆ ಸಿ ಅಕ್ಷರ, ಎರಡೂ ಸಿ ಮೆಲೊಡಿ ಸ್ಯಾಕ್ಸ್‌ನ ಗುರುತು. ಇದು ಚಿಕ್ಕದಲ್ಲ, ಆದ್ರೆ ಅಪರೂಪಕ್ಕೆ ಇದೇ ಜಾತಿ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಮನೆ ಮನೇಲೂ ಇತ್ತು. ಕಾರಣ ಸರಳ, ಪುಸ್ತಕದಲ್ಲಿ ಸಿ ಅಂತ ಇರೋದನ್ನ ಆಲ್ಟೋ ಊದೋನು ಊದಿದ್ರೆ ಹಾರ್ಮೋನಿಯಂನ ಕಪ್ಪು ಎರಡು ಕೇಳ್ತದೆ, ಟೆನರ್ ಊದೋನು ಊದಿದ್ರೆ ಕಪ್ಪು ಐದು ಕೇಳ್ತದೆ, ಸಿ ಮೆಲೊಡಿಯಲ್ಲಿ ಸಿ ಅಂದ್ರೆ ಸಿನೇ, ಬಿಳಿ ಒಂದು. ಪಿಯಾನೋ ನುಡಿಸೋರ ಹೆಗಲ ಹಿಂದೆ ನಿಂತು ಅವರ ಪುಸ್ತಕ ನೋಡ್ಕೊಂಡೇ ಊದಬಹುದಿತ್ತು, ಬದಲಾಯಿಸಿ ಬರೆಯೋ ರಗಳೆ ಇಲ್ಲ. ಫ್ರ್ಯಾಂಕಿ ಟ್ರಂಬಾವರ್ ಅನ್ನೋರು ಜಾಝ್ ಕಾರ್ನೆಟ್ ವಾದಕ ಬಿಕ್ಸ್ ಬೈಡರ್‌ಬೆಕ್ ಜೊತೆ 1927ರಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಊದಿರೋದು ಇದನ್ನೇ, ಹುಡುಕಿ ಕೇಳಿ, ಆಲ್ಟೋದ ಚುರುಕೂ ಅಲ್ಲ, ಟೆನರ್‌ನ ಗಡಸೂ ಅಲ್ಲ, ಮಧ್ಯಾಹ್ನ ಊಟ ಆಗಿ ಜಗಲೀಲಿ ಕೂತು ಮಾತಾಡಿದಂಗಿರ್ತದೆ.

ದಯವಿಟ್ಟು ಬ್ರಾಸೋ ಹಾಕಿ ತಿಕ್ಕಬೇಡಿ. ಹುಣಸೇಹಣ್ಣೂ ಬೇಡ, ಅದು ದೇವರ ಮನೆ ದೀಪದ ಕಂಬ ಅಲ್ಲ. ಬೆಳ್ಳಿ ಲೇಪ ಇದ್ರೆ ಕಪ್ಪಾಗಿರ್ತದೆ, ಹಂಗೇ ಇರ್ಲಿ. ಕೀಲಿಗಳ ಅಡಿಯಲ್ಲಿ ತೂತು ಮುಚ್ಚೋ ಚರ್ಮದ ಪ್ಯಾಡ್ ಎಲ್ಲಾ ಜಿರಲೆ ತಿಂದಿರ್ತವೆ, ಹೊಸದು ಹಾಕಿಸ್ಬೇಕು. ಮೌತ್‌ಪೀಸ್ ಇದ್ರೆ ಮಾತ್ರ ಮಗು ಥರ ಕಾಪಾಡಿ, ವಾದ್ಯಕ್ಕಿಂತ ಅದು ಸಿಗೋದು ಕಷ್ಟ.

ನಮ್ಮ ಕಡೆ ಬಿದಿರು, ವಾಟೆ ಬೇಕಾದಷ್ಟಿದೆ. ಬಿದಿರಲ್ಲೇ ಪುಟ್ಟ ಸ್ಯಾಕ್ಸ್ ಮಾಡಬಹುದಾ? (ಹೊಸನಗರ)

ಮಾಡಿದಾರೆ. ಹವಾಯಿ ದ್ವೀಪದ ಬ್ರಯಾನ್ ವಿಟ್‌ಮನ್ ಅನ್ನೋರು ಎಪ್ಪತ್ತರ ದಶಕದಲ್ಲಿ ಬಿದಿರಿಗೆ ಟೆನರ್ ಸ್ಯಾಕ್ಸಿನ ರೀಡ್ ಕಟ್ಟಿ ಝಾಫೂನ್ ಅಂತ ಮಾಡಿದ್ರು, ಜೇಬಿನ ಸ್ಯಾಕ್ಸ್ ಅಂತಲೇ ಹೆಸರಾಯ್ತು. ಆದ್ರೆ ನಿಜ ಹೇಳ್ಬೇಕಂದ್ರೆ ಅದು ಸ್ಯಾಕ್ಸ್ ಅಲ್ಲ, ಕ್ಲಾರಿನೆಟ್ಟಿನ ದಾಯಾದಿ.

ಸ್ಯಾಕ್ಸಿನ ಗುಟ್ಟು ಹಿತ್ತಾಳೇಲಿ ಇಲ್ಲ, ರೀಡಲ್ಲೂ ಇಲ್ಲ, ಕೊಳವೆಯ ಆಕಾರದಲ್ಲಿದೆ. ಬಾಯಿಯಿಂದ ತುದಿವರೆಗೆ ಅಗಲ ಆಗ್ತಾ ಹೋಗ್ತದೆ, ಆಲಿಕೆ ಥರ, ನಾಗಸ್ವರದ ಥರ. ಅಂಥ ಕೊಳವೇಲಿ ಆಕ್ಟೇವ್ ಕೀಲಿ ಒತ್ತಿದ್ರೆ ಸ ಇದ್ದಿದ್ದು ಮೇಲಿನ ಸ ಆಗ್ತದೆ. ಬಿದಿರು ಉದ್ದಕ್ಕೂ ಒಂದೇ ಅಗಲ. ಒಂದು ತುದೀಲಿ ರೀಡ್ ಕಟ್ಟಿದ ಸಮ ಅಗಲದ ಕೊಳವೇಲಿ ಸ ಊದಿ ಮೇಲಕ್ಕೆ ಹಾರಿಸಿದ್ರೆ ಮೇಲಿನ ಸ ಬರಲ್ಲ, ಅದನ್ನೂ ದಾಟಿ ಅದರಾಚೆಯ ಪ ಬರ್ತದೆ. ಕ್ಲಾರಿನೆಟ್ ಕಲಿಯೋರು ಬೆರಳು ನೆನಪಿಟ್ಕೊಳ್ಳೋಕೆ ಒದ್ದಾಡೋದು ಇದಕ್ಕೇ. ಇನ್ನೊಂದು ಮಜಾ ನೋಡಿ, ಸೊಪ್ರಾನೋ ಸ್ಯಾಕ್ಸನ್ನೂ ಮಾಮೂಲಿ ಕ್ಲಾರಿನೆಟ್ಟನ್ನೂ ಪಕ್ಕಪಕ್ಕ ಇಡಿ, ಉದ್ದ ಹೆಚ್ಚುಕಮ್ಮಿ ಒಂದೇ, ಆದ್ರೆ ಕ್ಲಾರಿನೆಟ್ ಅದಕ್ಕಿಂತ ಎಷ್ಟೋ ತಗ್ಗಿಗೆ ಇಳೀತದೆ. ಹಂಗಾಗಿ ವಾಟೇಲಿ ಒಂಚೂರು ಉದ್ದಕ್ಕೇ ತಗ್ಗಿನ ದನಿ ಸಿಗ್ತದೆ, ಅದು ಲಾಭವೇ. ಮಾಡಿ ನೋಡಿ, ಕಡಿದು ನೆರಳಲ್ಲಿ ಚೆನ್ನಾಗಿ ಒಣಗಿಸದೆ ಮಾತ್ರ ತೂತು ಕೊರೀಬೇಡಿ, ಆಮೇಲೆ ಸೀಳ್ತದೆ. ರೀಡ್ ನಮ್ಮ ಬಿದಿರಲ್ಲೇ ಕೆತ್ತೋಕೆ ಹೋಗ್ಬೇಡಿ, ನಾನು ಸುಮಾರು ಸಲ ಹೋಗಿ ಬೆರಳು ಕುಯ್ಕೊಂಡಿದೀನಿ. ಅಂಗಡಿ ರೀಡಿಗೆ ಬಳಸೋದು ದಕ್ಷಿಣ ಫ್ರಾನ್ಸ್ ಕಡೆ ಬೆಳೆಯೋ ಬೇರೆ ಜಾತಿ ಜೊಂಡು.

ಆಗುಂಬೆ ಹತ್ತಿರ ನಮ್ಮ ಮನೆ. ಮಳೆಗಾಲ ಬಂತು ಅಂದ್ರೆ ಸೊಪ್ರಾನೋದ ಒಂದೆರಡು ಕೀಲಿ ಅಂಟ್ಕೊಂಡು ಮೇಲೇಳೋದೇ ಇಲ್ಲ. ಪೆಟ್ಟಿಗೆ ತೆಗೆದ್ರೆ ಬೂಸ್ಟಿನ ವಾಸನೆ. ಪರಿಹಾರ ಹೇಳಿ. (ಆಗುಂಬೆ ಕಡೆಯ ಓದುಗರು)

ವರ್ಷಕ್ಕೆ 7000 ಮಿಲಿಮೀಟರ್ ಮಳೆ ಹೊಯ್ಯೋ ಊರಲ್ಲಿ ಚರ್ಮದ ಪ್ಯಾಡಿನ ವಾದ್ಯ ಸಾಕೋರಿಗೆ ಮೊದ್ಲು ಒಂದು ನಮಸ್ಕಾರ. ಅಂಟ್ಕೊಳ್ಳೋದು ಜಿ ಶಾರ್ಪ್ ಮತ್ತು ಕೆಳಗಿನ ಇ ಫ್ಲ್ಯಾಟ್ ಕೀಲಿ ಅಲ್ವಾ? ನೋಡದೇನೇ ಹೇಳಬಲ್ಲೆ. ಬೇರೆ ಬಹಳಷ್ಟು ಕೀಲಿಗಳು ನಾವು ಒತ್ತಿದಾಗ ಮುಚ್ತವೆ, ಬಿಟ್ಟಾಗ ತೆರೆದಿರ್ತವೆ, ಗಾಳಿ ಆಡ್ತದೆ. ಇವು ಹಂಗಲ್ಲ, ಸದಾ ಮುಚ್ಚೇ ಇರ್ತವೆ, ಪೆಟ್ಟಿಗೆ ಒಳಗೂ ಒದ್ದೆ ಪ್ಯಾಡು ತೂತಿಗೆ ಅಂಟಿ ಕೂತಿರ್ತದೆ. ಜಿ ಶಾರ್ಪನ್ನ ಮೇಲೆತ್ತೋ ಸ್ಪ್ರಿಂಗ್ ಬೇರೆ ಬಡಪಾಯಿ.

ಊದಿ ಮುಗಿಸಿದ ಮೇಲೆ ಬಟ್ಟೆ ಕಟ್ಟಿದ ದಾರ ಒಳಗಿಂದ ಎಳೀರಿ, ಒಂದ್ಸಲ ಅಲ್ಲ, ಮೂರು ಸಲ. ಆಮೇಲೆ ಅಂಟೋ ಕೀಲಿಗಳ ಪ್ಯಾಡಿನಡಿ ಇಂಕು ಹೀರೋ ಕಾಗದದ ತುಂಡು ಇಟ್ಟು ಮೆಲ್ಲಗೆ ಒತ್ತಿ, ತೇವ ಕಾಗದಕ್ಕೆ ಬರ್ತದೆ. ಒತ್ತಿಟ್ಟು ಎಳೀಬೇಡಿ, ಚರ್ಮ ಹರೀತದೆ. ಪೌಡರ್ ಹಾಕೋರು ಇದಾರೆ, ಎರಡು ದಿನ ಚೆನ್ನಾಗಿರ್ತದೆ, ಮೂರನೇ ದಿನ ಗೋಧಿ ಹಿಟ್ಟಿನ ಅಂಟು. ಹೊಸ ಚಪ್ಪಲಿ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಪೆಟ್ಟಿಗೇಲಿ ಹಾಕಿಡಿ. ಒದ್ದೆ ಬಟ್ಟೆನ ಮಾತ್ರ ಪೆಟ್ಟಿಗೆ ಒಳಗೇ ಮುಚ್ಚಿಡ್ಬೇಡಿ, ಬೂಸ್ಟು ಶುರು ಆಗೋದೇ ಅಲ್ಲಿಂದ.

ಮತ್ತೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡ್ಬೇಡಿ. ನಗ್ಬೇಡಿ, ಹೋದ ವರ್ಷ ನಿಮ್ಮ ಕಡೆಯವರೇ ಒಬ್ರು ಕಂಬಳಿ, ಕೊಪ್ಪೆ ಜೊತೆ ಸೊಪ್ರಾನೋನೂ ಅಲ್ಲಿಟ್ಟಿದ್ರು, ಬೆಚ್ಚಗಿರ್ಲಿ ಅಂತ. ಪ್ಯಾಡುಗಳನ್ನ ಕೀಲಿಯ ಬಟ್ಟಲಿಗೆ ಕೂರಿಸೋದು ಅರಗಿನಿಂದಲೋ ಬಿಸಿ ಗೋಂದಿನಿಂದಲೋ, ಶಾಖ ತಾಗಿದ್ರೆ ಕರಗೋದೇ ಅದರ ಕಸುಬು. ಆಷಾಢ ಮುಗಿದು ಪೆಟ್ಟಿಗೆ ತೆಗೆದಾಗ ವಾದ್ಯ ಒಂದು ಕಡೆ, ಪ್ಯಾಡುಗಳೆಲ್ಲಾ ಕೆಳಗೆ ಉದ್ದಿನ ಹಪ್ಪಳದ ಚೂರಿನಂಗೆ ಬಿದ್ದಿದ್ವು. ಅವರು ಅವನ್ನೆಲ್ಲಾ ಒಂದು ಬಾಳೆಲೇಲಿ ಕಟ್ಕೊಂಡು ನನ್ನ ಅಂಗಡಿಗೆ ತಂದಿದ್ರು, ಯಾವುದು ಯಾವ ತೂತಿಗೆ ಅಂತ ಹೊಂದಿಸೋಕೆ ನನಗೆ ಎರಡು ದಿನ ಹಿಡೀತು.